ಗೆಳೆಯನ ಕೋವಿಗೆ ನಿಮ್ಮ ಕೈಗುರುತು: ಕಾಗದಪತ್ರದಿಂದ ಅಗಸೆ ಎಣ್ಣೆಯವರೆಗೆ

ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ತೋಟದ ಮನೆಗಳಲ್ಲಿ ಕೋವಿ ಹೊಸ ವಸ್ತುವೇನಲ್ಲ. ಬೆಳೆ ಕಾಯಲು ಅಂತ ಲೈಸೆನ್ಸ್ ಮಾಡಿಸಿದ ಜೋಡಿ ನಳಿಗೆ ಕೋವಿ ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಬಂದಿರುತ್ತದೆ. ಅಂಥ ಮನೆಯ ಗೆಳೆಯನಿಗೆ ಐವತ್ತು ತುಂಬಿದಾಗಲೋ ಹೊಸ ಮನೆ ಕಟ್ಟಿಸಿದಾಗಲೋ ಏನು ಕೊಡೋದು? ಗೋಡೆ ಗಡಿಯಾರ, ಬೆಳ್ಳಿ ದೀಪ ಎಲ್ಲರೂ ಕೊಡುತ್ತಾರೆ. ಅವನ ಕೋವಿಯ ಮೇಲೆ ಅವನದೇ ಹೆಸರು, ಅವನದೇ ತೋಟದ ಗುರುತು ಮೂಡಿಸಿಕೊಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ.

ಈ ಕೆಲಸದಲ್ಲಿ ನಾನು ಹಿಡಿದು ಕೂರುವ ನಿಯಮ ಒಂದೇ. ಕಬ್ಬಿಣ ಮುಟ್ಟಬೇಡಿ. ನಳಿಗೆ, ಆಕ್ಷನ್ (ತೋಟಾ ಸಿಡಿಸುವ ಯಂತ್ರಭಾಗ), ಟ್ರಿಗರ್ ಇವು ಇದ್ದ ಹಾಗೇ ಇರಲಿ. ನಿಮ್ಮ ಉಡುಗೊರೆ ಮರದಲ್ಲಿ, ಬೆಳ್ಳಿಯಲ್ಲಿ, ತೊಗಲಿನಲ್ಲಿ, ಪೆಟ್ಟಿಗೆಯಲ್ಲಿ ಇರಲಿ. ಕಾನೂನಿನ ಕಡೆಯಿಂದ ನೋಡಿದರೂ ಅಷ್ಟೇ, ಅಂದದ ಕಡೆಯಿಂದ ನೋಡಿದರೂ ಅಷ್ಟೇ.

ಮೊದಲು ಕಾಗದಪತ್ರ

ಕೋವಿಯನ್ನೇ ಉಡುಗೊರೆ ಕೊಡುವುದು ಬೇರೆ, ಅವನ ಬಳಿ ಈಗಾಗಲೇ ಇರುವ ಕೋವಿಯನ್ನು ಸಿಂಗರಿಸಿ ಕೊಡುವುದು ಬೇರೆ. ಎರಡನೆಯದು ಸುಲಭ. ಮೊದಲನೆಯದಕ್ಕೆ ಓಡಾಟ ಇದೆ.

ನಿಮ್ಮದೇ ಕೋವಿಯನ್ನು ಗೆಳೆಯನಿಗೆ ಕೊಡಬೇಕೆಂದರೆ ಅವನ ಹೆಸರಲ್ಲಿ ಲೈಸೆನ್ಸ್ ಇರಬೇಕು, ಅದರಲ್ಲಿ ಆ ಬಗೆಯ ಕೋವಿಗೆ ಜಾಗ ಇರಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದ ಮೇಲೆ ಒಬ್ಬರು ಎರಡಕ್ಕಿಂತ ಜಾಸ್ತಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಮೊದಲು ಮೂರಕ್ಕೆ ಅವಕಾಶ ಇತ್ತು. ಅಜ್ಜನ ಕಾಲದ್ದೊಂದು, ತಾನು ಕೊಂಡದ್ದೊಂದು ಇಟ್ಟುಕೊಂಡಿರುವ ಗೆಳೆಯನಿಗೆ ನೀವು ಮೂರನೆಯದು ಕೊಟ್ಟರೆ ಅದು ಉಡುಗೊರೆ ಅಲ್ಲ, ತಲೆನೋವು. ಜಾಗ ಇದೆ ಅಂತಾದರೆ ಜಿಲ್ಲಾಧಿಕಾರಿಗೋ ಹತ್ತಿರದ ಪೊಲೀಸ್ ಠಾಣೆಗೋ ಲಿಖಿತವಾಗಿ ತಿಳಿಸಬೇಕು. ಯಾರಿಗೆ ಕೊಡುತ್ತಿದ್ದೀರಿ, ಅವರ ವಿಳಾಸ ಏನು ಅಂತ ಬರೆಯಬೇಕು. ತಿಳಿಸಿ 45 ದಿನ ಕಳೆಯುವವರೆಗೆ ಕೋವಿ ಕೈ ಬದಲಾಗುವಂತಿಲ್ಲ. ಹಾಗಾಗಿ ದಸರಾಕ್ಕೆ ಕೊಡುವ ಮನಸ್ಸಿದ್ದರೆ ಶ್ರಾವಣದಲ್ಲೇ ಅರ್ಜಿ ಹೋಗಿರಬೇಕು.

ಪಕ್ಕದ ಕೊಡಗಿನ ಉದಾಹರಣೆ ಕೊಡುವವರು ಇದ್ದೇ ಇರುತ್ತಾರೆ. ಅಲ್ಲಿ ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯದ ಜಮೀನಿನ) ಹಿಡುವಳಿದಾರರಿಗೆ ಲೈಸೆನ್ಸ್‌ನಿಂದ ವಿನಾಯ್ತಿ ಇದೆ, 2029ರವರೆಗೆ ಮುಂದುವರಿಸಿದ್ದಾರೆ. ಆ ವಿನಾಯ್ತಿ ಹಾಸನಕ್ಕೂ ಇಲ್ಲ, ಚಿಕ್ಕಮಗಳೂರಿಗೂ ಇಲ್ಲ.

ಗೆಳೆಯನದೇ ಕೋವಿಯನ್ನು ಸಿಂಗರಿಸುವುದಾದರೆ ಇಷ್ಟು ನೆನಪಿಡಿ. ಲೈಸೆನ್ಸ್ ಇರುವುದು ಅವನಿಗೆ, ನಿಮಗಲ್ಲ. ಗುಟ್ಟಾಗಿ ಎತ್ತಿಕೊಂಡು ಹೋಗಿ ಕೆಲಸ ಮಾಡಿಸಿ ಸರ್‌ಪ್ರೈಸ್ ಕೊಡೋಣ ಅನ್ನುವ ಆಸೆ ಬಿಡಿ. ಊರಿನ ಬಡಗಿಗೋ ಅಕ್ಕಸಾಲಿಗನಿಗೋ ಕೋವಿಯನ್ನು ಒಪ್ಪಿಸಿ ಬರುವುದೂ ತಪ್ಪು. ಬಂದೂಕಿನ ರಿಪೇರಿಗೂ ಲೈಸೆನ್ಸ್ ಬೇಕು, ಬಿಡಿಭಾಗವೂ ಕಾನೂನಿನ ಕಣ್ಣಲ್ಲಿ ಬಂದೂಕೇ. ಮರ ಕೆತ್ತುವುದು, ಬೆಳ್ಳಿ ಕೂರಿಸುವುದು ಇಂಥದ್ದೆಲ್ಲ ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಅಂಗಡಿಯಲ್ಲೇ ಆಗಬೇಕು. ಅಲ್ಲಿಗೆ ಕೋವಿ ತೆಗೆದುಕೊಂಡು ಹೋಗುವವನು ಗೆಳೆಯ, ಜೇಬಲ್ಲಿ ಲೈಸೆನ್ಸ್ ಇಟ್ಟುಕೊಂಡು. ಕೊಟ್ಟದ್ದಕ್ಕೆ ರಸೀದಿ ತೆಗೆದುಕೊಳ್ಳಲಿ. ಎಣ್ಣೆ ಹಚ್ಚುವ ಕೆಲಸ ಮಾತ್ರ ಅವನ ಮನೆಯಲ್ಲೇ, ಅವನ ಎದುರಿಗೇ ನೀವು ಮಾಡಬಹುದು. ಗುಟ್ಟು ಬೇಕೇ ಬೇಕು ಅಂದರೆ ಬೆಳ್ಳಿ ಬಿಲ್ಲೆ, ತೊಗಲಿನ ಪಟ್ಟಿ, ಪೆಟ್ಟಿಗೆ ಇವನ್ನು ಗುಟ್ಟಾಗಿ ಮಾಡಿಸಿ.

ಗೆಳೆಯನಿಗೆ ಲೈಸೆನ್ಸೇ ಇಲ್ಲವಾ? ಹಾಗಾದರೆ ಏರ್ ರೈಫಲ್ ನೋಡಿ. 0.177 ಇಂಚು, ಅಂದರೆ 4.5 ಮಿಲಿಮೀಟರ್ ಬೋರಿನ (ನಳಿಗೆಯ ಒಳಅಗಲದ), ಹೊಡೆತದ ಶಕ್ತಿ 20 ಜೂಲ್ ದಾಟದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಗುರುತಿನ ಚೀಟಿ ತೋರಿಸಿ, ಬಿಲ್ ಪಡೆದು ಕೊಳ್ಳಿ. ಅದಕ್ಕೂ ಚಂದದ ಮರದ ಸ್ಟಾಕ್, ಅಂದರೆ ಹೆಗಲಿಗೆ ಒರಗುವ ಹಿಂಭಾಗ, ಇರುತ್ತದೆ. ಮುಂದೆ ಹೇಳುವ ಮರದ ಕೆಲಸವನ್ನೆಲ್ಲ ಅದರ ಮೇಲೆ ನಿಮ್ಮ ಜಗಲಿಯಲ್ಲೇ ಕೂತು ಮಾಡಬಹುದು. ನನ್ನ ಕೇಳಿದರೆ ಮೊದಲ ಸಲ ಕೈ ಹಾಕುವವರು ಇಲ್ಲಿಂದಲೇ ಶುರುಮಾಡುವುದು ಒಳ್ಳೆಯದು.

ಕೋವಿಯನ್ನು ಒಮ್ಮೆ ಸರಿಯಾಗಿ ನೋಡಿ

ಕೋವಿಯನ್ನು ಗೆಳೆಯನೇ ಮುರಿದು, ಅಂದರೆ ಕೀಲಿನ ಬಳಿ ಬಗ್ಗಿಸಿ ತೆರೆದು, ತೋರಿಸಲಿ. ಎರಡೂ ನಳಿಗೆ ಖಾಲಿ ಇದೆಯಾ ಅಂತ ಅವನು ನೋಡಲಿ, ನೀವೂ ನೋಡಿ. ತೋಟಾಗಳು ಆ ಕೋಣೆಯಲ್ಲೇ ಇರಬಾರದು. ಆಮೇಲೆ ಮುಂದಿನ ಮರದ ತುಂಡು ಬಿಚ್ಚಿ, ನಳಿಗೆ ಕಳಚಿ, ಬೀರುವಿನಲ್ಲಿ ಇಟ್ಟು ಬೀಗ ಹಾಕಲಿ. ಈಗ ಮೇಜಿನ ಮೇಲೆ ಉಳಿಯುವುದು ಆಕ್ಷನ್ ಮತ್ತು ಸ್ಟಾಕ್ ಮಾತ್ರ.

ಕೋವಿ ಯಾವುದು ಅಂತ ತಿಳಿದುಕೊಳ್ಳಿ. ಆರ್ಡ್‌ನೆನ್ಸ್ ಫ್ಯಾಕ್ಟರಿಯ 12 ಬೋರ್ ಆದರೆ ಧಾರಾಳವಾಗಿ ಮರದ ಕೆಲಸ ಮಾಡಿಸಬಹುದು. ಬ್ರಿಟಿಷ್ ಪ್ಲಾಂಟರ್‌ಗಳ ಕಾಲದಿಂದ ಉಳಿದ ಬರ್ಮಿಂಗ್‌ಹ್ಯಾಮ್ ಕೋವಿ ಆದರೆ, ಗ್ರೀನರ್ ಅಥವಾ ವೆಬ್ಲಿ ಅಂಡ್ ಸ್ಕಾಟ್ ಅಂತ ಹೆಸರು ಕೆತ್ತಿದ್ದರೆ, ಕೈ ಕಟ್ಟಿ ನಿಲ್ಲಿ. ನೂರು ವರ್ಷದ ಮೆರುಗನ್ನು ಮರಳು ಕಾಗದದಿಂದ ಉಜ್ಜಿ ತೆಗೆದರೆ ಮತ್ತೆ ಬರುವುದಿಲ್ಲ. ಅಂಥದ್ದಕ್ಕೆ ಪೆಟ್ಟಿಗೆ ಮಾಡಿಸಿ ಕೊಡಿ, ಸಾಕು. ನಳಿಗೆಯ ಮೇಲೆ ಸುರುಳಿ ಸುರುಳಿ ಗೆರೆ ಕಂಡರೆ ಅದು ಡಮಾಸ್ಕಸ್ ನಳಿಗೆ. ಇವತ್ತಿನ ತೋಟಾ ಹಾಕಿ ಅದನ್ನು ಹೊಡೆಯಬಾರದು. ಹಳೇ ಇಂಗ್ಲಿಷ್ ಕೋವಿಗಳಲ್ಲಿ ತೋಟಾ ಕೂರುವ ಗೂಡೂ ಚಿಕ್ಕದು. ಎರಡೂವರೆ ಇಂಚಿನ ಗೂಡಿಗೆ ಎರಡೂಮುಕ್ಕಾಲು ಇಂಚಿನ ತೋಟಾ ಹಾಕುವುದು ಅಪಾಯ. ಗೆಳೆಯನಿಗೆ ಗೊತ್ತಿಲ್ಲದಿದ್ದರೆ ಈ ಒಂದು ಮಾತು ಹೇಳಿ. ಅದೇ ದೊಡ್ಡ ಉಡುಗೊರೆ.

ನಂಬರ್ ಎಲ್ಲೆಲ್ಲಿದೆ ಅಂತ ನೋಡಿಟ್ಟುಕೊಳ್ಳಿ. ಕಬ್ಬಿಣದ ಮೇಲಿನ ನಂಬರ್, ಮುದ್ರೆ, ಪ್ರೂಫ್ ಗುರುತು (ನಳಿಗೆ ಪರೀಕ್ಷೆಯಾದ ಗುರುತು) ಇವನ್ನು ಉಜ್ಜುವುದು, ಮುಚ್ಚುವುದು, ಅದರ ಮೇಲೆ ಕೆತ್ತುವುದು ಅಪರಾಧ. ಗುರುತು ಅಳಿಸಿದ ಕೋವಿ ಯಾರ ಕೈಯಲ್ಲಿ ಸಿಗುತ್ತದೋ ಅವರೇ ಅಳಿಸಿದ್ದು ಅಂತ ಕಾನೂನು ಮೊದಲು ಅಂದುಕೊಳ್ಳುತ್ತದೆ. ಅಲ್ಲ ಅಂತ ಸಾಬೀತು ಮಾಡುವ ಹೊಣೆ ಅವರದೇ. ನಳಿಗೆಗೆ ಹೊಸದಾಗಿ ನೀಲಿ ಬಣ್ಣ ಹಾಕಿಸೋಣ ಅನ್ನುವವರಿಗೂ ಇದೇ ಮಾತು. ಪಾಲಿಶ್ ಚಕ್ರಕ್ಕೆ ಕೊಟ್ಟರೆ ನಂಬರ್ ತೆಳ್ಳಗಾಗುತ್ತದೆ.

ಇನ್ನೊಂದು ಅಳತೆ ಇದೆ. ಅಲಂಕಾರಕ್ಕಿಂತ ಅದೇ ಮುಖ್ಯ ಅನ್ನುವವನು ನಾನು. ಟ್ರಿಗರ್‌ನಿಂದ ಸ್ಟಾಕ್‌ನ ಹಿಂಬದಿಯವರೆಗಿನ ಉದ್ದ. ಸಾಮಾನ್ಯವಾಗಿ ಇದು 14 ಇಂಚಿನ ಆಸುಪಾಸು ಇರುತ್ತದೆ. ಗೆಳೆಯ ಆರಡಿ ಆಳಾದರೆ ಕೋವಿ ಗಿಡ್ಡವಾಗಿ, ಹೆಬ್ಬೆರಳು ಮೂಗಿಗೆ ಬಡಿಯುತ್ತದೆ. ಕುಳ್ಳಗಿದ್ದರೆ ಎತ್ತುವಾಗ ಕಂಕುಳಿಗೆ ಸಿಕ್ಕಿಕೊಳ್ಳುತ್ತದೆ. ಕೋವಿ ಗಿಡ್ಡವಾದರೆ ರಿಪೇರಿಯವರ ಹತ್ತಿರ ಅರ್ಧ ಇಂಚಿನಿಂದ ಒಂದು ಇಂಚು ದಪ್ಪದ ರಬ್ಬರ್ ಪ್ಯಾಡ್ ಹಾಕಿಸಿದರೆ ಉದ್ದ ಸರಿಹೋಗುತ್ತದೆ, ಹೆಗಲಿಗೆ ಬಡಿತವೂ ಕಡಿಮೆ. ಹೆಸರು ಕೆತ್ತಿಸಿದ್ದನ್ನು ಅವನು ಆಗೊಮ್ಮೆ ಈಗೊಮ್ಮೆ ನೋಡಿಯಾನು. ಅಳತೆಗೆ ಕೂತ ಸ್ಟಾಕ್ ಕೋವಿ ಎತ್ತಿದಾಗಲೆಲ್ಲ ಗೊತ್ತಾಗುತ್ತದೆ.

ಏನು ಬರೆಸಬೇಕು

ಹಳೇ ಇಂಗ್ಲಿಷ್ ಕೋವಿಗಳ ಸ್ಟಾಕ್‌ನ ಕೆಳಬದಿಯಲ್ಲಿ ಮೊಟ್ಟೆಯಾಕಾರದ ಪುಟ್ಟ ಬಿಲ್ಲೆ ಕೂರಿಸಿರುತ್ತಾರೆ. ಯಜಮಾನನ ಹೆಸರಿನ ಮೊದಲಕ್ಷರಗಳಿಗೆ ಅಂತಲೇ ಇರುವ ಜಾಗ ಅದು. ಎಷ್ಟೋ ಕೋವಿಗಳಲ್ಲಿ ಅದು ಖಾಲಿಯೇ ಉಳಿದಿರುತ್ತದೆ. ಖಾಲಿ ಇದ್ದರೆ ನಿಮ್ಮ ಅರ್ಧ ಕೆಲಸ ಮುಗಿಯಿತು. ಇಲ್ಲದಿದ್ದರೆ ಹೊಸದು ಮಾಡಿಸಬಹುದು. 25 ಮಿಲಿಮೀಟರ್ ಉದ್ದ, 18 ಅಗಲ, 1 ದಪ್ಪ ಸಾಕು. ಈ ಅಳತೆಗೆ ನಾಲ್ಕು ಗ್ರಾಂ ಬೆಳ್ಳಿಯೂ ಬೇಕಾಗುವುದಿಲ್ಲ. ಅಪ್ಪಟ ಬೆಳ್ಳಿ ಮೆದು, ಬೇಗ ಗೀರು ಬೀಳುತ್ತದೆ. 92.5ರ (ನೂರರಲ್ಲಿ 92.5 ಭಾಗ ಬೆಳ್ಳಿ ಇರುವ) ಬೆಳ್ಳಿ ಕೇಳಿ.

ಬಿಲ್ಲೆಯನ್ನು ಅಕ್ಕಸಾಲಿಗರ ಹತ್ತಿರ ಮಾಡಿಸುವಾಗ ಕೋವಿ ಬೇಕಿಲ್ಲ. ಆದರೆ ಸ್ಟಾಕ್‌ನ ಕೆಳಬದಿ ಚಪ್ಪಟೆ ಅಲ್ಲ, ಬಾಗಿರುತ್ತದೆ. ದಪ್ಪ ಕಾಗದ ಕತ್ತರಿಸಿ ಆ ಬಾಗು ತೆಗೆದುಕೊಂಡು ಹೋಗಿ. ಚಪ್ಪಟೆ ಬಿಲ್ಲೆ ತಂದರೆ ಅಂಚು ಎದ್ದು ನಿಂತು ಅಂಗೈಗೆ ಚುಚ್ಚುತ್ತದೆ. ಬಿಲ್ಲೆಯ ಹಿಂಬದಿಗೆ ಎರಡು ಪುಟ್ಟ ಮೊಳೆ ಬೆಸೆಯಲು ಹೇಳಿ. ಬರೀ ಅಂಟಿನ ಮೇಲೆ ನಂಬಿಕೆ ಇಟ್ಟರೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕಿತ್ತು ಬರುತ್ತದೆ.

ಅಷ್ಟು ಚಿಕ್ಕ ಜಾಗದಲ್ಲಿ ಕನ್ನಡ ಬರೆಸುವುದಕ್ಕೆ ಸ್ವಲ್ಪ ಲೆಕ್ಕಾಚಾರ ಬೇಕು. ನಮ್ಮ ಅಕ್ಷರಗಳು ದುಂಡಗೆ. ಕೆತ್ತುವ ಉಳಿ ನೇರ ಗೆರೆಯಲ್ಲಿ ಸಲೀಸಾಗಿ ಓಡುತ್ತದೆ, ಬಳಸಿನಲ್ಲಿ ತಿಣುಕುತ್ತದೆ. ಒತ್ತಕ್ಷರ ಬಂದರೆ ಕೆಳಗೆ ಜಾಗ ಬೇಕು, ದೀರ್ಘ ಬಂದರೆ ಪಕ್ಕಕ್ಕೆ ಜಾಗ ಬೇಕು. 'ಕೃಷ್ಣಪ್ಪ' ಅಂತ ಪೂರ್ತಿ ಬರೆಸಲು ಹೋದರೆ ಒತ್ತುಗಳೆಲ್ಲ ಸೇರಿ ಕಪ್ಪು ಚುಕ್ಕೆಯಾಗುತ್ತದೆ. ಎರಡು ಮೂರು ಅಕ್ಷರಕ್ಕೆ ನಿಲ್ಲಿಸಿ, ಒಂದೊಂದೂ ಐದು ಮಿಲಿಮೀಟರ್‌ಗಿಂತ ಕಡಿಮೆ ಬೇಡ. ಕಂಪ್ಯೂಟರಿನ ಫಾಂಟ್ ಕೊಡಬೇಡಿ. ಗೆಳೆಯನ ಅಪ್ಪನೋ ಅಮ್ಮನೋ ಹಳೇ ಲೆಕ್ಕದ ಪುಸ್ತಕದಲ್ಲಿ ಬರೆದ ಅಕ್ಷರ ಸಿಕ್ಕರೆ ಫೋಟೊ ತೆಗೆದು ಅದನ್ನೇ ಕೆತ್ತಿಸಿ. ಯಂತ್ರದಲ್ಲಿ ಕೆತ್ತಿದ ಅಚ್ಚುಕಟ್ಟಾದ ಅಕ್ಷರಕ್ಕಿಂತ ಸ್ವಲ್ಪ ಸೊಟ್ಟಗಿರುವ ಆ ಕೈಬರಹ ಎಷ್ಟೋ ವಾಸಿ.

ಲೈಸೆನ್ಸ್ ನಂಬರ್, ಫೋನ್ ನಂಬರ್ ಬೇಡವೇ ಬೇಡ. 'ಇಂತಿ ನಿನ್ನ ಪ್ರೀತಿಯ ಗೆಳೆಯ' ಅಂತ ಉದ್ದಕ್ಕೆ ಹೊರಗೆ ಬರೆಸುವುದೂ ನನಗೆ ಹಿಡಿಸುವುದಿಲ್ಲ. ಅಂಥ ಮಾತಿಗೆ ಬೇರೆ ಜಾಗ ಇದೆ. ಸ್ಟಾಕ್‌ನ ಹಿಂಬದಿಯ ತಗಡೋ ಪ್ಯಾಡೋ ಬಿಚ್ಚಿದಾಗ ಒಳಗೆ ಬರೀ ಮರ ಕಾಣುತ್ತದೆ. ಹಿಂದಿನ ಕುಶಲಕರ್ಮಿಗಳು ಅಲ್ಲಿ ಪೆನ್ಸಿಲ್‌ನಲ್ಲಿ ಸಹಿ ಹಾಕುತ್ತಿದ್ದರು. ಪ್ಯಾಡ್ ಕೂರಿಸುವಾಗ ನೀವೂ ಎರಡು ಸಾಲು ಬರೆಯಿರಿ. ಪೆನ್ ಬೇಡ, ಶಾಯಿ ಎಣ್ಣೆಗೆ ಹರಡುತ್ತದೆ. ಪೆನ್ಸಿಲ್ಲೇ ಸರಿ.

ಕೆತ್ತನೆ: ಎಲ್ಲಿ, ಎಷ್ಟು

ಬೇಲೂರು ಹಳೇಬೀಡು ನೋಡುತ್ತಾ ಬೆಳೆದವರಿಗೆ ಆಸೆ ಜಾಸ್ತಿ. ಸಳ ಹುಲಿ ಹೊಡೆಯುವ ಲಾಂಛನ ಇಡೀ ಸ್ಟಾಕ್ ಮೇಲೆ ಬರಲಿ ಅನ್ನುತ್ತಾರೆ. ಮೆದು ಬಳಪದ ಕಲ್ಲಿನಲ್ಲಿ ಆಗುವುದು ಮರದಲ್ಲಿ ಆಗುವುದಿಲ್ಲ, ಅದೂ ಕೈಯಲ್ಲಿ ಹಿಡಿಯುವ ಮರದಲ್ಲಿ. ಹೊಯ್ಸಳರ ಗುಡಿಯಿಂದ ತೆಗೆದುಕೊಳ್ಳುವುದಾದರೆ ಗೋಡೆಯ ಕೆಳಗಿನ ಪಟ್ಟಿಕೆಗಳಲ್ಲಿ ಓಡುವ ಬಳ್ಳಿಯ ಸಾಲನ್ನು ತೆಗೆದುಕೊಳ್ಳಿ. ಒಂದೂವರೆ ಇಂಚು ಅಗಲದ ಒಂದೇ ಪಟ್ಟಿ. ಇಲ್ಲವೇ ಕಾಫಿಯ ಒಂದು ರೆಕ್ಕೆ (ಪುಟ್ಟ ಕೊಂಬೆ): ಎದುರುಬದುರು ಎರಡೆರಡು ಎಲೆ, ಗೆಣ್ಣಿನಲ್ಲಿ ಗೊಂಚಲು ಹಣ್ಣು. ಎಲೆಯ ಅಂಚಿನ ಅಲೆ ಸರಿಯಾಗಿ ಬರದಿದ್ದರೆ ತೋಟದವನು ನೋಡಿದ ತಕ್ಷಣ 'ಇದು ಮಾವಿನ ಎಲೆ' ಅಂತಾನೆ. ತೋಟದಿಂದಲೇ ಒಂದು ರೆಕ್ಕೆ ಮುರಿದು ತಂದು ಕೆತ್ತುವವರ ಮುಂದೆ ಇಡಿ.

ಜಾಗ ಇದಕ್ಕಿಂತ ಮುಖ್ಯ. ಟ್ರಿಗರ್ ಹಿಂದೆ ಕೈ ಹಿಡಿಯುವ ತೆಳ್ಳನೆಯ ಕತ್ತಿನ ಮೇಲೆ ಒಂದು ಗೀರೂ ಬೇಡ. ಸ್ಟಾಕ್ ಮುರಿಯುವುದೇ ಅಲ್ಲಿ, ಹೊಡೆತದ ಒತ್ತಡವೆಲ್ಲ ಅಲ್ಲಿಂದಲೇ ಹಾಯ್ದು ಹೋಗುತ್ತದೆ. ಕೆನ್ನೆ ಒರಗುವ ಬದಿಯೂ ಬೇಡ. ಬಲಗೈಯವನಾದರೆ ಸ್ಟಾಕ್‌ನ ಬಲಬದಿ, ಹಿಂಭಾಗದ ಅಗಲವಾದ ಜಾಗ ಸುರಕ್ಷಿತ. ಆಳ ಒಂದೂವರೆ ಮಿಲಿಮೀಟರ್ ದಾಟಬಾರದು.

ಅಲಂಕಾರಕ್ಕೆ ಅಂತ ಜಿಂಕೆ ಕೊಂಬು, ಕಡವೆ ಕೊಂಬು, ದಂತ ಕೂರಿಸುವ ಮಾತೇ ಬೇಡ. ಮಲೆನಾಡಿನ ಹಳೇ ಮನೆಗಳ ಗೋಡೆಯಲ್ಲಿ ಕೊಂಬು ಇನ್ನೂ ಕಾಣುತ್ತದೆ, 'ತಾನಾಗೇ ಉದುರಿದ್ದು' ಅಂತಲೂ ಹೇಳುತ್ತಾರೆ. 1972ರ ವನ್ಯಜೀವಿ ಕಾಯ್ದೆಯ ಮುಂದೆ ಆ ಮಾತು ನಡೆಯುವುದಿಲ್ಲ. 2023ರಲ್ಲಿ ಹುಲಿ ಉಗುರಿನ ಲಾಕೆಟ್ ಪ್ರಕರಣ ಬಂದಾಗ ರಾಜ್ಯದಲ್ಲಿ ಎಷ್ಟು ಮನೆಗಳಲ್ಲಿ ಗಾಬರಿಯಾಯಿತು ಅಂತ ಎಲ್ಲರಿಗೂ ನೆನಪಿದೆ, ಅಲ್ವಾ? ಬಿಳಿ ಬೇಕೆಂದರೆ ಬೆಳ್ಳಿ ಇದೆ.

ಮರಕ್ಕೆ ಎಣ್ಣೆ

ನಿಮ್ಮ ಕೈಯಾರೆ ಮಾಡುವ ಕೆಲಸ ಇದೇ. ಕೆತ್ತನೆ, ಬಿಲ್ಲೆ ಎಲ್ಲ ಮುಗಿದು ಕೋವಿ ಮನೆಗೆ ಬಂದ ಮೇಲೆ ಶುರುಮಾಡಿ.

ಕಾಲ ನೋಡಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಡಿಗೆರೆ, ಕಳಸದ ಕಡೆ ಎಣ್ಣೆ ಒಣಗುವುದೇ ಇಲ್ಲ, ಅಂಟಂಟಾಗಿ ಕೂರುತ್ತದೆ. ಡಿಸೆಂಬರ್‌ನಿಂದ ಏಪ್ರಿಲ್ ಒಳ್ಳೆಯದು. ಆದರೆ ಗೆಳೆಯ ಎದುರಿಗಿರಬೇಕಲ್ಲ, ಜನವರಿವರೆಗೆ ಅರೇಬಿಕಾ ಕೊಯ್ಲು, ಆಮೇಲೆ ರೊಬಸ್ಟಾ. ಮಾರ್ಚ್ ಕೊನೆಗೆ ಅವನಿಗೂ ಬಿಡುವು ಸಿಗುತ್ತದೆ.

ಆಕ್ಷನ್‌ಗೆ ಪೂರ್ತಿಯಾಗಿ ಮಾಸ್ಕಿಂಗ್ ಟೇಪ್ ಸುತ್ತಿ. ಹಳೇ ವಾರ್ನಿಶ್ ಇದ್ದರೆ ಪೇಂಟ್ ರಿಮೂವರ್ ಹಚ್ಚಿ, ಮರದ ಚಕ್ಕೆಯಿಂದ ಹೆರೆಯಿರಿ. ಕಾಸ್ಟಿಕ್ ಸೋಡಾ ಹಾಕಬೇಡಿ, ಮರ ಕಪ್ಪಾಗುತ್ತದೆ. ಆಕ್ಷನ್ ಪಕ್ಕದ ಮರ ಕಪ್ಪಗೆ ಜಿಡ್ಡಾಗಿದ್ದರೆ ಅದು ವರ್ಷಗಟ್ಟಲೆ ಇಳಿದ ಕೋವಿ ಎಣ್ಣೆ. ಸೀಮೆಸುಣ್ಣದ ಪುಡಿಯನ್ನು ಸ್ಪಿರಿಟ್‌ನಲ್ಲಿ ಕಲಸಿ ಅಲ್ಲಿ ಮೆತ್ತಿ ಬಿಡಿ. ಒಣಗುತ್ತಾ ಒಣಗುತ್ತಾ ಅದು ಜಿಡ್ಡನ್ನು ಹೀರಿ ಹಳದಿಯಾಗುತ್ತದೆ. ಒರೆಸಿ, ಮತ್ತೆ ಮೆತ್ತಿ. ಹಳದಿ ಬರುವುದು ನಿಂತಾಗ ಸಾಕು.

ತಗ್ಗು ಬಿದ್ದ ಕಡೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಪೆಟ್ಟಿಗೆಯ ಮೂತಿ ಒತ್ತಿ. ಆವಿಗೆ ಮರ ಉಬ್ಬಿ ಮೇಲೆ ಬರುತ್ತದೆ. ನಾರು ಕತ್ತರಿಸಿ ಹೋಗಿದ್ದರೆ ಬರುವುದಿಲ್ಲ, ಬಿಟ್ಟುಬಿಡಿ. ಅವನ ಅಪ್ಪ ಜೀಪಿನಿಂದ ಇಳಿಯುವಾಗ ಬಿದ್ದ ಗೀರಾಗಿರಬಹುದು. ಕೇಳಿಕೊಂಡು ಮುಂದುವರಿಯಿರಿ, ಕೆಲವು ಗೀರುಗಳು ಇರಬೇಕಾದವು.

220ರ ಮರಳು ಕಾಗದದಿಂದ ಶುರು, 320, ಆಮೇಲೆ 400. ಯಾವಾಗಲೂ ನಾರಿನ ಉದ್ದಕ್ಕೆ ಉಜ್ಜಬೇಕು. ಕೈಹಿಡಿತಕ್ಕೆ ಅಂತ ಇರುವ ಚೌಕುಳಿ ಕೆತ್ತನೆಯ ಮೇಲೆ ಕಾಗದ ತಾಗಬಾರದು, ಅದಕ್ಕೆ ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಕಬ್ಬಿಣ ಸೇರುವ ಅಂಚಿನಲ್ಲಿ ಉಜ್ಜಿದರೆ ಮರ ಕೆಳಗಿಳಿದು ಕಬ್ಬಿಣ ಎದ್ದು ನಿಲ್ಲುತ್ತದೆ. ಅಲ್ಲಿ ಕೈ ಹಗುರ ಇರಲಿ. ಕೊನೆಯಲ್ಲಿ ಒದ್ದೆ ಬಟ್ಟೆಯಿಂದ ಒರೆಸಿ ಒಣಗಲು ಬಿಟ್ಟರೆ ಸಣ್ಣ ನಾರುಗಳೆಲ್ಲ ಮುಳ್ಳಿನಂತೆ ಏಳುತ್ತವೆ. ಮತ್ತೆ 400ರಲ್ಲಿ ಸವರಿ. ಈ ಕೆಲಸ ಬಿಟ್ಟವರ ಸ್ಟಾಕ್ ಮೊದಲ ಮಳೆಗೇ ಒರಟಾಗುತ್ತದೆ.

ಈಗ ಎಣ್ಣೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಡಬಲ್ ಬಾಯಿಲ್ಡ್ ಲಿನ್ಸೀಡ್ ಆಯಿಲ್ ಅಂತ ಕೇಳಿ. ಅದೇ ಕುದಿಸಿದ ಅಗಸೆ ಎಣ್ಣೆ. ಹಸಿ ಅಗಸೆ ಎಣ್ಣೆ ಒಣಗಲು ತೀರಾ ನಿಧಾನ. ತೆಂಗಿನೆಣ್ಣೆ, ಹರಳೆಣ್ಣೆ ಹಚ್ಚುವ ಅಭ್ಯಾಸ ನಮ್ಮಲ್ಲಿ ಇದೆ. ಅವು ಎಂದೂ ಗಟ್ಟಿಯಾಗುವುದಿಲ್ಲ, ಧೂಳು ಹಿಡಿಯುತ್ತವೆ. ಮೊದಲ ಸಲ ಮಾತ್ರ ಅರ್ಧಕ್ಕರ್ಧ ಟರ್ಪೆಂಟೈನ್ ಬೆರೆಸಿ ಹಚ್ಚಿ, ಒಳಗೆ ಇಳಿಯಲಿ. ಆಮೇಲೆ ಬರೀ ಎಣ್ಣೆ. ನಾಲ್ಕು ಹನಿ ಅಂಗೈಗೆ ಹಾಕಿಕೊಂಡು, ಮರ ಬೆಚ್ಚಗಾಗುವವರೆಗೆ ತಿಕ್ಕಿ. ಕಾಲು ಗಂಟೆ ಬಿಟ್ಟು ಮೇಲೆ ಉಳಿದದ್ದನ್ನು ಪೂರ್ತಿ ಒರೆಸಿ ತೆಗೆಯಿರಿ. ಒಂದು ದಿನ ಒಣಗಲಿ. ಈ ಕಸುಬಿನ ಹಳೇ ಲೆಕ್ಕ ಹೀಗೆ: ದಿನಕ್ಕೊಂದು ಸಲ ಒಂದು ವಾರ, ವಾರಕ್ಕೊಂದು ಸಲ ಒಂದು ತಿಂಗಳು, ತಿಂಗಳಿಗೊಂದು ಸಲ ಒಂದು ವರ್ಷ. ಮೊದಲ ವಾರ ನಿಮ್ಮದು, ಉಳಿದದ್ದು ಗೆಳೆಯನದು. ಬೇಗ ಮುಗಿಸೋಣ ಅಂತ ದಪ್ಪಗೆ ಬಳಿದರೆ ಮೇಲೆ ಚರ್ಮ ಕಟ್ಟಿ ಒಳಗೆ ಹಸಿ ಉಳಿಯುತ್ತದೆ. ಅದನ್ನು ಹೆರೆದು ಮತ್ತೆ ಮೊದಲಿಂದ ಶುರುಮಾಡಬೇಕು.

ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕ ಹೀರಿ ಬಿಸಿಯಾಗುತ್ತದೆ. ಮುದುಡಿದ ಬಟ್ಟೆಯಲ್ಲಿ ಆ ಬಿಸಿ ಹೊರಹೋಗದೆ ತಾನಾಗೇ ಹೊತ್ತಿಕೊಳ್ಳಬಹುದು, ಬೆಂಕಿ ಕಡ್ಡಿಯೇ ಬೇಡ. ಗೋಣಿಚೀಲ, ಒಣ ಸೌದೆ ತುಂಬಿದ ತೋಟದ ಮನೆಯ ಹಿತ್ತಿಲಲ್ಲಿ ಇದು ಹುಡುಗಾಟ ಅಲ್ಲ. ಬಟ್ಟೆಯನ್ನು ನೀರಲ್ಲಿ ಅದ್ದಿ, ಹೊರಗೆ ತಂತಿಯ ಮೇಲೆ ಬಿಡಿಸಿ ಒಣಹಾಕಿ.

ಪಟ್ಟಿ ಮತ್ತು ಪೆಟ್ಟಿಗೆ

ಹೆಗಲ ಪಟ್ಟಿಗೆ ದಪ್ಪ ಎಮ್ಮೆ ತೊಗಲು, ಹಿತ್ತಾಳೆ ಬಕಲ್ ಸಾಕು. ತೋಟದ ಹೆಸರನ್ನು ಪಟ್ಟಿಯ ಒಳಬದಿಗೆ ಅಚ್ಚು ಹಾಕಿಸಿ, ಹೊರಗೆ ಸಾದಾ ಇರಲಿ.

ಪೆಟ್ಟಿಗೆಗೆ ಎಲ್ಲರೂ ಬೀಟೆ ಮರ ಕೇಳುತ್ತಾರೆ. ಬೀಟೆ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ನಾಟಾ ಸಾಗಿಸಲು ಪಾಸ್ ಬೇಕು. ಹಳೇ ಮನೆ ಕೆಡವಿದಾಗ ಬಂದ ಬಾಗಿಲು, ತೊಲೆ ಸಿಕ್ಕರೆ ಅದೇ ವಾಸಿ. ಮರ ಚೆನ್ನಾಗಿ ಒಣಗಿರುತ್ತದೆ, ಸೊಟ್ಟಗಾಗುವುದಿಲ್ಲ. ಗೆಳೆಯನ ಹಳೇ ಮನೆಯದ್ದೇ ಆದರೆ ಇನ್ನೇನು ಬೇಕು! ಎಲ್ಲಿಂದ ಬಂತು ಅನ್ನುವುದಕ್ಕೆ ಒಂದು ಬಿಲ್ ಇಟ್ಟುಕೊಳ್ಳಿ.

ಒಳಗೆ ಬಟ್ಟೆ ಹಾಸಿದ ಪೆಟ್ಟಿಗೆಯಾಗಲಿ, ತೊಗಲಿನ ಚೀಲವಾಗಲಿ ಮಲೆನಾಡಿನ ಮಳೆಗಾಲಕ್ಕೆ ಆಗುವುದಿಲ್ಲ. ಎರಡೂ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತವೆ, ಒಂದೇ ಮಳೆಗಾಲದಲ್ಲಿ ನಳಿಗೆಗೆ ತುಕ್ಕಿನ ಚುಕ್ಕೆ ಬೀಳುತ್ತದೆ. ಪೆಟ್ಟಿಗೆ ಪ್ರಯಾಣಕ್ಕೆ, ಬೇಸಿಗೆಗೆ. ಮಳೆಗಾಲದಲ್ಲಿ ಕೋವಿ ಬೀಗದ ಬೀರುವಿನಲ್ಲಿ, ಗಾಳಿಯಾಡುವ ಹಾಗೆ ಇರಲಿ. ನಳಿಗೆಯ ಬಾಯಿ ಕೆಳಗಾಗಿ ನಿಲ್ಲಿಸಿದರೆ ಎಣ್ಣೆ ಮರಕ್ಕೆ ಇಳಿಯುವುದಿಲ್ಲ. ತೋಟಾಗಳು ಬೇರೆ ಬೀಗದಲ್ಲಿ.

ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಾಗಿ ಬರುತ್ತದೆ. ವಾರಗಟ್ಟಲೆ ಹತ್ತಾರು ಕೋವಿಗಳ ಜೊತೆ ಒರಗಿಕೊಂಡು ನಿಲ್ಲುವಾಗ ನಿಮ್ಮ ಕೆತ್ತನೆಗೆ ಗೀರು ಬೀಳದೆ ಇರುತ್ತದಾ? ಹಾಗಾಗಿ ಉಡುಗೊರೆಯ ಜೊತೆ ದಪ್ಪ ಕ್ಯಾನ್ವಾಸ್‌ನ ಒಂದು ಗವಸು ಹೊಲಿಸಿ ಕೊಡಿ. ಒಪ್ಪಿಸುವ ಮುನ್ನ ನಳಿಗೆಗೆ ಒಳಗೂ ಹೊರಗೂ ಎಣ್ಣೆ ಸವರಿ, ಕೆತ್ತನೆ, ಬಿಲ್ಲೆ, ನಂಬರ್ ಮೂರೂ ಕಾಣುವಂತೆ ಫೋಟೊ ತೆಗೆದಿಟ್ಟುಕೊಳ್ಳಲಿ.

ಕೊಡುವ ದಿನ

ಆಯುಧಪೂಜೆಗಿಂತ ಒಳ್ಳೇ ದಿನ ಬೇರೆ ಇಲ್ಲ. ಆದರೆ ಅರಿಶಿನ, ಕುಂಕುಮ, ಗಂಧವನ್ನು ನೇರವಾಗಿ ಕೋವಿಗೆ ಹಚ್ಚಬೇಡಿ. ಎಣ್ಣೆ ಹಚ್ಚಿದ ಮರ ಅರಿಶಿನದ ಕಲೆ ಕುಡಿಯುತ್ತದೆ, ಒದ್ದೆ ಕುಂಕುಮದ ಕೆಳಗೆ ನಳಿಗೆ ತುಕ್ಕು ಹಿಡಿಯುತ್ತದೆ. ಪೆಟ್ಟಿಗೆಗೆ ಹಚ್ಚಿ, ಕೋವಿಗೆ ಒಣ ಹೂವು ಸಾಕು. ಸಂಭ್ರಮಕ್ಕೆ ಗಾಳಿಯಲ್ಲಿ ಈಡು ಹಾರಿಸುವುದಕ್ಕೆ 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಊಟಕ್ಕೆ ಬಂದ ನೆಂಟರಲ್ಲಿ ಯಾರಾದರೂ 'ಒಂದು ಈಡು ಹೊಡಿ ಮಾರಾಯ' ಅಂದೇ ಅನ್ನುತ್ತಾರೆ. ಅದಕ್ಕೇ ನಳಿಗೆ ಕಳಚಿ, ಪೆಟ್ಟಿಗೆಯಲ್ಲಿ ಬೇರೆ ಬೇರೆ ಗೂಡಲ್ಲಿ ಇಟ್ಟು ತೋರಿಸುವುದು ಒಳ್ಳೆಯದು.

ಕೊಡುವಾಗ ಪೆಟ್ಟಿಗೆಯ ಮೂಲೆಯಲ್ಲಿ ಅಗಸೆ ಎಣ್ಣೆಯ ಒಂದು ಪುಟ್ಟ ಸೀಸೆ, ಹಳೇ ಹತ್ತಿ ಬಟ್ಟೆಯ ನಾಲ್ಕು ತುಂಡು ಇಡಿ. ಪ್ರತಿ ವರ್ಷ ಮಳೆ ನಿಂತ ಮೇಲೆ, ಕೊಯ್ಲು ಶುರುವಾಗುವ ಮುಂಚೆ, ನಾಲ್ಕು ಹನಿ ತಿಕ್ಕಿದರೆ ಮರ ಹೊಳಪು ಬಿಡುವುದಿಲ್ಲ. ಬೆಳ್ಳಿ ಬಿಲ್ಲೆ ಕಪ್ಪಾದರೆ ಮೆದು ಬಟ್ಟೆಯಲ್ಲಿ ಒರೆಸಿದರೆ ಆಯಿತು, ಪಾಲಿಶ್ ಪುಡಿ ಹಾಕಿ ತಿಕ್ಕಿದರೆ ಅಕ್ಷರ ಸವೆಯುತ್ತದೆ.